ಬೆಲ್ಲ ಕರಗುವ ತನಕ

ನಮ್ಮವ್ವನಿಗೆ ಇರುವುದು ಒಂದೇ ಕಣ್ಣು. ಎಡಗಣ್ಣು ಮಹಾಗಾಂವದ ತವರುಮನೆಯಲ್ಲಿ, ಆಕೆ ಇನ್ನೂ ಲಂಗ ಉಡುತ್ತಿದ್ದ ವಯಸ್ಸಿನಲ್ಲಿ, ಜೋಳದ ದಂಟು ಚುಚ್ಚಿ ಹೋಗಿತ್ತು. ಉಳಿದ ಬಲಗಣ್ಣಿನಲ್ಲೇ ಎಂಬತ್ತರ ಹತ್ತಿರ ಬಂದಳು. ಅದರಲ್ಲೇ ಅಕ್ಕಿಯ ಕಲ್ಲು ಆರಿಸಿದಳು, ನನ್ನ ಮಾತಿನೊಳಗಿನ ಸುಳ್ಳನ್ನೂ ಆರಿಸಿದಳು. ಆ ಕಣ್ಣಿಗೂ ಪೊರೆ ಬಂದು ಎರಡು ವರ್ಷವಾಗಿತ್ತು. ನಾನು ಎದುರಿಗೆ ನಿಂತರೆ, ಯಾರೋ ನಿಂತಿದ್ದಾರೆ ಎನ್ನುವುದಷ್ಟೇ ಕಾಣುತ್ತಿತ್ತಂತೆ. ದನಿ ಕೇಳಿದ ಮೇಲೆಯೇ ನಾನು ಮಗನಾಗುತ್ತಿದ್ದೆ.

ಕೊಲ್ಹಾಪುರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಳಗೆ ಹಸಿರು ಅಂಗಿ ತೊಡಿಸಿದರು, ಕಣ್ಣಿಗೆ ಹನಿ ಹಾಕಿದರು, ಕೊನೆಗೆ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು. "ಆಜಿ, ಬೀಪಿ ಖೂಪ್ ವಾಢಲಂಯ," ಭಾಳ ಏರಿದೆ ಎಂದು ನರ್ಸು ಮರಾಠಿಯಲ್ಲಿ ಹೇಳಿ ಅಂಗಿ ಬಿಚ್ಚಿಸಿ ಹೊರಗೆ ಕಳಿಸಿದಳು. ಹದಿನೈದು ದಿನ ಬಿಟ್ಟು ಮತ್ತೆ ಹೋದೆವು. ಮತ್ತೆ ಅದೇ ಕಥೆ. ಇಚಲಕರಂಜಿಯ ನಮ್ಮ ಮನೆಯಲ್ಲಿ ಅಳೆದರೆ ತಕ್ಕಮಟ್ಟಿಗೆ ಸರಿಯಾಗಿಯೇ ಇರುವ ಒತ್ತಡ, ಆ ಬಿಳಿ ಗೋಡೆಗಳ ನಡುವೆ ಮಾತ್ರ ಮಾಳಿಗೆ ಹತ್ತಿ ಕೂರುತ್ತಿತ್ತು.

ಡಾಕ್ಟರು ಒಳ್ಳೆಯವರು. ಗುಳಿಗೆ ಸ್ವಲ್ಪ ಹೆಚ್ಚು ಮಾಡಿ, ನನ್ನನ್ನು ಬದಿಗೆ ಕರೆದು ಹೇಳಿದರು. ಇದು ಬಹಳ ಮಟ್ಟಿಗೆ ಹೆದರಿಕೆಯ ಬೀಪಿ. ಆದರೆ ಪೊರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತ ನಡೆದಿದೆ, ತಡ ಮಾಡಿದಷ್ಟೂ ತೆಗೆಯುವುದು ಕಷ್ಟ. ಒಂದೇ ಕಣ್ಣಿನವರ ಮೇಲೆ ಒತ್ತಡ ಇಳಿಯದೆ ಕತ್ತರಿ ಇಡಲು ತಮಗೆ ಧೈರ್ಯವಿಲ್ಲ. ಇನ್ನೊಂದು ತಿಂಗಳು ನೋಡೋಣ.  ಒಂದು ತಿಂಗಳಲ್ಲಿ ಅವ್ವನ ಹೆದರಿಕೆ ಇಳಿಯಬೇಕು, ಇಲ್ಲದಿದ್ದರೆ ಅವ್ವ ಕುರುಡಿಯಾಗಬೇಕು.

ಹೊರಡುವಾಗ ಅದೇ ನರ್ಸು ಬಾಗಿಲಲ್ಲಿ, "ಆಜಿ, ಕಾಳಜಿ ಘ್ಯಾ," ಕಾಳಜಿ ತಗೊಳ್ಳಿ ಅಂದಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಹಿಂದಿನಿಂದ, "ಕಾಳಜಿ ಕರೂ ನಕಾ," ಕಾಳಜಿ ಮಾಡಬೇಡಿ ಎಂದೂ ಸೇರಿಸಿದಳು. ನಮ್ಮ ಕಡೆಯ ಕನ್ನಡಕ್ಕೂ ಮರಾಠಿಗೂ ಕಾಳಜಿ ಒಂದೇ ಶಬ್ದ. ತೆಗೆದುಕೊಂಡರೆ ಆರೈಕೆ, ಮಾಡಿದರೆ ಚಿಂತೆ. ಬಸ್ಸಿನಲ್ಲಿ ಕುಳಿತ ಮೇಲೆ ಅವ್ವ ನನ್ನ ತೊಡೆ ತಟ್ಟಿ ಕೇಳಿದಳು.

"ತಮ್ಮಾ, ಆಕಿ ತಗೋ ಅಂದಳೋ, ಬ್ಯಾಡ ಅಂದಳೋ?"

"ಎರಡೂ ಅಂದಾಳವಾ."

"ಹಂಗಾರ ತಗೊಂಡ ಸುಮ್ಮನ ಕುಂದರಬೇಕು, ಮಾಡಬಾರದು. ಭಾಳ ಕಠಿಣ ಐತಿ ಬಿಡು."

ಇಚಲಕರಂಜಿಯ ತನಕ ನಾನು ಮಾತ್ರ ಅದನ್ನೇ ಮಾಡುತ್ತ ಬಂದೆ.

ನನ್ನ ಸ್ವಭಾವ ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ನಾನು ಬಟ್ಟೆ ತಪಾಸಣೆ ಮಾಡುವವನು. ಪವರ್‌ಲೂಮಿನಿಂದ ಇಳಿದ ಬಟ್ಟೆಯ ಮೇಲೆ ಸಣ್ಣ ಭಿಂಗ, ಅಂದರೆ ಭೂತಗನ್ನಡಿ, ಇಟ್ಟು ಒಂದು ಇಂಚಿನಲ್ಲಿ ಎಷ್ಟು ಎಳೆ ಇವೆ ಎಂದು ಎಣಿಸುವುದು ನನ್ನ ಮೂವತ್ತು ವರ್ಷದ ಕೆಲಸ. ಮಾಲೀಕ ಎಷ್ಟು ಎಳೆ ಎಂದು ಆಣೆ ಮಾಡಿ ಹೇಳಿದರೂ ನಾನು ಎಣಿಸದೆ ನಂಬುವುದಿಲ್ಲ. "ಇವ್ರು ರೊಟ್ಟಿನೂ ಭಿಂಗದಾಗ ನೋಡಿ ತಿಂತಾರ," ಎಂದು ನನ್ನ ಹೆಂಡತಿ ಬಂದವರೆದುರಿಗೆಲ್ಲ ಹೇಳುತ್ತಾಳೆ. ಹಾಗೆ ತಿನ್ನುವುದಿಲ್ಲ, ಆದರೆ ಆ ಮಾತಿನಲ್ಲಿ ಪೂರ್ತಿ ಸುಳ್ಳೂ ಇಲ್ಲ.

ಹೀಗಾಗಿ ಮರುದಿನವೇ ಒತ್ತಡ ಅಳೆಯುವ ಯಂತ್ರ ತಂದೆ, ಒಂದು ಉದ್ದನೆಯ ವಹಿ ತಂದೆ. ಪುಟದ ಮೇಲೆ ಗೆರೆ ಎಳೆದು ಒಂದು ಕಡೆ "ಅವ್ವ", ಇನ್ನೊಂದು ಕಡೆ "ನಾನು" ಎಂದು ಬರೆದೆ. ಹೋಲಿಸಿ ನೋಡಲು ಇನ್ನೊಂದು ಮೈ ಬೇಕಲ್ಲ, ಅದಕ್ಕೆ ನನ್ನದು. ಮೊದಲ ದಿನವೇ ನನ್ನ ಕಡೆಯ ಅಂಕಿ ಅವ್ವನ ಅಂಕಿಗಿಂತ ಮೇಲೆ ಬಂತು. ಪಟ್ಟಿ ನನ್ನ ದಪ್ಪ ತೋಳಿಗೆ ಗಿಡ್ಡ, ಅದಕ್ಕೇ ಹಾಗೆ ತೋರಿಸುತ್ತದೆ ಎಂದು ತೀರ್ಮಾನಿಸಿ, ದಿನಾ ಹಾಗೇ ಬರೆದುಕೊಂಡು ಮುಂದೆ ಹೋದೆ.

ಅಷ್ಟರಲ್ಲಿ ಸುದ್ದಿ ಬೀಗರಲ್ಲೆಲ್ಲ ಹಬ್ಬಿತ್ತು. ಫೋನಿನಲ್ಲಿ ಔಷಧ ಹೇಳದವರೇ ಇಲ್ಲ. ಉತ್ತೂರಿನ ಬೀಗರು ಒಂದು ಚೀಲ ನಾಚಣಿ, ಅಂದರೆ ರಾಗಿ, ಕಳಿಸಿದರು, ಇದರ ಅಂಬಲಿ ಕುಡಿದವರ ತಲೆ ಎಂದೂ ಬಿಸಿಯಾಗುವುದಿಲ್ಲವಂತೆ. ಅಕಿವಾಟದ ಜೈನರ ಮನೆಯ ನನ್ನ ಹಳೆಯ ಗೆಳೆಯ ಗಸಗಸೆ ಪಾಯಸ ಅಂದ. ಗಡಹಿಂಗ್ಲಜದ ಗಿಡಮೂಲಿಕೆ ಅಂಗಡಿಯವನು ಅಶ್ವಗಂಧದ ಪುಡಿ ಪೊಟ್ಟಣ ಕಟ್ಟಿಕೊಟ್ಟು, ಫೋನಿನಲ್ಲಿ ಒಂದು ವಿಡಿಯೋ ಕೂಡ ತೋರಿಸಿದ. ಚಿಂತೆ ಮಾಡಿದಾಗ ಮೈಯೊಳಗೆ ಒಂದು ರಸ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಹಿಂದಿನ ಕಾಲದಲ್ಲಿ ಹುಲಿ ಬಂದಾಗ ಓಡಲು ಬೇಕಾಗಿದ್ದ ಏರ್ಪಾಡು ಅದು, ಈ ಬೇರು ಆ ರಸವನ್ನು ಇಳಿಸುತ್ತದೆ ಎಂದು ಅದರೊಳಗೆ ಒಬ್ಬ ಟೈ ಕಟ್ಟಿದವನು ಹೇಳುತ್ತಿದ್ದ. ನನಗೆ ನಿಜವಾಗಿ ಕುತೂಹಲವಾಯಿತು. ನಮ್ಮ ಅಜ್ಜಿಯರು ಒಲೆಯ ಮುಂದೆ ಕೂತು ಕಲಸಿದ್ದಕ್ಕೂ, ಈ ಹುಲಿಗೂ ಏನಾದರೂ ಸಂಬಂಧ ಇರಬಹುದೇ?

ಅಶ್ವಗಂಧದ ಹಾಲನ್ನು ಅವ್ವ ಮೂಗಿನ ಹತ್ತಿರ ಹಿಡಿದು, "ಇದೇನೋ, ಕುದರಿ ವಾಸನಿ ಹೊಡೀತೈತಿ," ಅಂದಳು. ಹೆಸರೇ ಕುದುರೆ ವಾಸನೆಯದು ಅವ್ವಾ ಎಂದು ಹೇಳಿದರೆ ನಂಬಲಿಲ್ಲ. ಎರಡು ದಿನ ಕುಡಿದಳು. ಮೂರನೆಯ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಇದರಿಂದ ಕೆಲವರಿಗೆ ಸಮಾಧಾನ ಬಂದದ್ದೂ ಇರಬಹುದು, ಬರದದ್ದೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆದರೆ ಬೀಪಿ ಗುಳಿಗೆಯ ಜತೆ ಕೇಳದೆ ಏನೂ ಕೊಡಬೇಡಿ, ಇದನ್ನು ನಿಲ್ಲಿಸಿ ಎಂದು ಮಾತ್ರ ಸ್ಪಷ್ಟವಾಗಿ ಹೇಳಿದರು. ಕುದುರೆ ಲಾಯಕ್ಕೆ ಹೋಯಿತು.

ಗಸಗಸೆ ಪಾಯಸ ಕುಡಿದ ಮಧ್ಯಾಹ್ನ ಅವ್ವ ಸೊಂಪಾಗಿ ನಿದ್ದೆ ಮಾಡಿದಳು, ಎದ್ದಾಗ ಅಂಕಿ ಕೆಳಗಿತ್ತು. ಸಂತೋಷದಿಂದ ಬರೆದುಕೊಂಡೆ. ಮರುದಿನ ಪಾಯಸವಿಲ್ಲದೆ ಅಷ್ಟೇ ನಿದ್ದೆ ಮಾಡಿದಳು, ಅಷ್ಟೇ ಕೆಳಗಿತ್ತು. ನಾಚಣಿ ಅಂಬಲಿಗೆ ಮಜ್ಜಿಗೆ, ಜೀರಿಗೆ ಹಾಕಿ ದಿನಾ ಬೆಳಿಗ್ಗೆ ಕೊಟ್ಟೆವು. ಹೊಟ್ಟೆ ತಣ್ಣಗಿರುತ್ತದೆ ಅಂದಳು. ಹೊಟ್ಟೆಯ ತಂಪನ್ನು ಅಳೆಯುವ ಯಂತ್ರ ನನ್ನ ಹತ್ತಿರ ಇರಲಿಲ್ಲ. ಹೆಚ್ಚಾದ ಗುಳಿಗೆ ಬೇರೆ ಒಳಗೊಳಗೇ ತನ್ನ ಕೆಲಸ ಮಾಡುತ್ತಿತ್ತು. ಯಾವುದರ ಪುಣ್ಯ ಯಾವುದರ ಖಾತೆಗೆ ಎಂದು ತಿಳಿಯದೆ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಾಗ ಮತ್ತೊಮ್ಮೆ ಪಟ್ಟಿ ಸುತ್ತುತ್ತಿದ್ದೆ.

ಒಂದು ಸಂಜೆ ಕೆಲಸದಿಂದ ಬಂದವನು ಚಪ್ಪಲಿ ಬಿಟ್ಟು ನೇರ ಅವ್ವನ ತೋಳಿಗೆ ಕೈ ಹಾಕಿದೆ. ಆಕೆ ತೋಳು ಕಿತ್ತುಕೊಂಡಳು.

"ಊಟ ಬಲ್ಲವಗ ರೋಗಿಲ್ಲ, ಮಾತ ಬಲ್ಲವಗ ಜಗಳಿಲ್ಲ. ನಿನಗ ಎರಡೂ ಬರೂದಿಲ್ಲ. ಮನಿಗೆ ಬಂದಾಂವ ಮೊದಲ ಬೆಲ್ಲ ತಿನ್ನು, ನೀರ ಕುಡಿ. ಆಮ್ಯಾಲ ಏನರೆ ಕೇಳು."

"ನಾ ಏನ್ ಬೀಗರವನೇನವಾ?"

"ಬೀಗರಿಗಷ್ಟ ಅಂತ ಯಾರ್ ಹೇಳ್ಯಾರ?"

ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಆದರೆ ಅವ್ವನ ತವರಿನಲ್ಲಿ ಅದಕ್ಕೊಂದು ಬಾಲ ಇತ್ತು. ಬೆಲ್ಲ ಕಡಿಯಬಾರದು, ಬಾಯಲ್ಲಿ ಕರಗಿಸಬೇಕು. ಕರಗುವ ತನಕ ಬಂದವನು ಏನೂ ಹೇಳಬಾರದು, ಮನೆಯವರು ಏನೂ ಕೇಳಬಾರದು. ಅವರ ಹೊಲದ ಕಡೆಯ ಗಾಣದ ಬೆಲ್ಲವೋ ಕಪ್ಪು, ಗಟ್ಟಿ, ಬೇಗ ಕರಗುವ ಜಾತಿಯದಲ್ಲ. ನಮ್ಮ ಮನೆಗೆ ಈಗಲೂ ಅದೇ ಬರುತ್ತದೆ. ನಾನು ಹುಟ್ಟಿದಾಗಿನಿಂದ ಕಡಿದು ತಿಂದವನು, ಈ ಕಾನೂನು ಇದೆ ಎಂದು ಗೊತ್ತಿದ್ದೂ ಗೊತ್ತಿಲ್ಲದವನು.

ಆ ಸಂಜೆ ಮೊದಲ ಸಲ ಯಾಕೆ ಎಂದು ಕೇಳಿದೆ. ಅವ್ವ ತವರಿನ ಒಂದು ಹಳೆಯ ಸಂಗತಿ ಹೇಳಿದಳು. ಆಕೆಯ ತಾಯಿಯನ್ನು ಗಡಹಿಂಗ್ಲಜದ ದವಾಖಾನೆಯಲ್ಲಿ ಇಟ್ಟಿದ್ದರಂತೆ. ಒಂದು ಮಧ್ಯಾಹ್ನ ಅಲ್ಲಿಂದ ಊರಿನವನೊಬ್ಬ ಸೈಕಲ್ ತುಳಿದುಕೊಂಡು ಬಂದು ಅಂಗಳದಲ್ಲಿ ನಿಂತ. ಮುಖ ನೋಡಿದರೇ ಸುದ್ದಿ ಗೊತ್ತಾಗುವಂತಿತ್ತು. ಆದರೆ ನನ್ನ ಮುತ್ತ್ಯಾ, ಅಂದರೆ ಅವ್ವನ ಅಪ್ಪ, ಅವನನ್ನು ಕಟ್ಟೆಯ ಮೇಲೆ ಕೂರಿಸಿ ಕೈಯಲ್ಲಿ ಬೆಲ್ಲ ಇಟ್ಟ. ಎಲ್ಲರೂ ಕೂತರು. ಯಾರೂ ಮಾತಾಡಲಿಲ್ಲ.

"ಅಂವಾ ಬೆಲ್ಲ ಕರಗಸೂ ತನಕ ನಮ್ಮವ್ವ ಬದುಕಿದ್ದಳು ನೋಡು," ಅಂದಳು. "ಅಷ್ಟ ಹೊತ್ತಿನಾಗ ನಾನು ನಮ್ಮಪ್ಪನ ಕೈ ಹಿಡಕೊಂಡಿದ್ನಿ. ಅಂವಾ ಬಂದ ಕೂಡಲೇ ಒದರಿದ್ದಿದ್ರ, ಹಿಡಕೊಳ್ಳಾಕ ಟೈಮ್ ಸಿಗ್ತಿದ್ದಿಲ್ಲ."

ಆ ಸಂಜೆ ನಾನು ಯಂತ್ರ ಮುಟ್ಟಲಿಲ್ಲ. ಆದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮರುದಿನದಿಂದ ಬೆಲ್ಲವನ್ನೂ ವಹಿಯಲ್ಲಿ ಹತ್ತಿಸಿದೆ. ಅವ್ವನಿಗೆ ಸಕ್ಕರೆ ಕಾಯಿಲೆ ಇಲ್ಲ, ಅದೊಂದು ಪುಣ್ಯ. ಒಂದು ಗೋಲಿಯಷ್ಟು ಬೆಲ್ಲ ಕೊಡುವುದು, ಕರಗುವ ತನಕ ಸುಮ್ಮನಿರುವುದು, ಆಮೇಲೆ ಅಳೆಯುವುದು. ಇಳಿದಿತ್ತು. ಬೆಲ್ಲವಿಲ್ಲದೆ ಅಷ್ಟೇ ಹೊತ್ತು ಸುಮ್ಮನೆ ಕೂರಿಸಿ ಅಳೆದೆ. ಆಗಲೂ ಇಳಿದಿತ್ತು, ಆದರೆ ಅಷ್ಟಿಲ್ಲ. ಮೂರನೆಯ ದಿನ ಲೆಕ್ಕ ಉಲ್ಟಾ ಬಂತು. ನಾಲಗೆಯ ಮೇಲೆ ಸಿಹಿ ಬಿದ್ದರೆ ಮೈಗೆ ಹುಲಿ ಹೋಯಿತು ಎಂದು ತಿಳಿಯುತ್ತದೋ? ಬಾಯಿ ಮುಚ್ಚಿರುವುದರಿಂದ ಉಸಿರು ಮೂಗಿನಿಂದ ನಿಧಾನಕ್ಕೆ ಹೋಗಿ ಬರುತ್ತದೆ, ಅದರಿಂದಲೋ? ಅಥವಾ ಅಷ್ಟು ಹೊತ್ತು ನಾನು ಮಾತಾಡುವುದಿಲ್ಲ, ಅದರಿಂದಲೋ? ಮೂರನೆಯ ಕಾರಣ ನನ್ನ ಹೆಂಡತಿಯದು. ಅದನ್ನೂ ಬರೆದುಕೊಂಡೆ.

ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ಮನೆಯಲ್ಲಿ ಅಂಕಿ ಸರಿ ಇರುವುದರಿಂದ ಏನು ಉಪಯೋಗ, ಏರುವುದು ಅಲ್ಲಿ. ಅಲ್ಲೇ ಯಾಕೆ ಏರುತ್ತದೆ ಎಂದು ನಾನು ಅವ್ವನನ್ನು ಮೊದಲೂ ಕೇಳಿದ್ದೆ. ಎರಡೂ ಸಲ ಆಸ್ಪತ್ರೆಯ ಮೆಟ್ಟಿಲಿನ ಮೇಲೆಯೇ, ರಿಕ್ಷಾಕ್ಕೆ ಕೈ ಮಾಡುತ್ತ, ಗದರುವ ದನಿಯಲ್ಲಿ. "ನನಗೇನ್ ಗೊತ್ತೋ ಯಪ್ಪಾ," ಅಂದಿದ್ದಳು. ಆ ದಿನ ಮಧ್ಯಾಹ್ನ ಕೆಲಸ ಬಿಟ್ಟು ಬಂದೆ. ತಟ್ಟೆಯಲ್ಲಿ ಎರಡು ಚೂರು ಬೆಲ್ಲ ಹಾಕಿ ತಂದು, ಒಂದು ಅವ್ವನ ಅಂಗೈಯಲ್ಲಿ ಇಟ್ಟು, ಇನ್ನೊಂದು ನನ್ನ ಬಾಯಿಗೆ ಹಾಕಿಕೊಂಡು ಎದುರಿಗೆ ಕೂತೆ. ಕಡಿಯಲಿಲ್ಲ. ಯಂತ್ರ ತರಲಿಲ್ಲ. ನನ್ನಂಥವನಿಗೆ ಅಷ್ಟು ಹೊತ್ತು ಸುಮ್ಮನಿರುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಮೂರು ಸಲ ಬಾಯಿ ತೆರೆಯಬೇಕೆನಿಸಿತು. ಪಕ್ಕದ ಓಣಿಯ ಮಗ್ಗಗಳ ಸದ್ದು ಕೇಳುತ್ತಿತ್ತು.

ನಾನು ಕೇಳುವ ಮೊದಲೇ ಅವ್ವ ಶುರು ಮಾಡಿದಳು.

"ಮೊದಲನೇ ಸಲ ಹೋದಾಗ ನೀ ಹೊರಗ ಫಾರ್ಮ್ ತುಂಬಾಕತ್ತಿದ್ದಿ. ಒಳಗ ಆ ಹುಡುಗಿ ಅಂದಳು, ಗಳ್ಯಾತಲಂ ಸಗಳಂ ಕಾಢಾ ಅಂತ."

ಕೊರಳಲ್ಲಿ ಇರುವುದನ್ನೆಲ್ಲ ತೆಗೆಯಿರಿ. ಅವ್ವನ ಕೊರಳಲ್ಲಿ ಇರುವುದು ಒಂದೇ, ಲಿಂಗದ ಕರಡಿಗೆ. ನಮ್ಮಲ್ಲಿ ಅದನ್ನು ಕೂಸು ಹುಟ್ಟಿದ ಕೆಲವೇ ದಿನಕ್ಕೆ ಕಟ್ಟುತ್ತಾರೆ, ಮತ್ತೆ ಬಿಚ್ಚುವುದು ಪೂಜೆಗೆ ಅಂಗೈಯಲ್ಲಿ ಇಟ್ಟುಕೊಳ್ಳಲು ಮಾತ್ರ. ಮಣ್ಣಿಗೆ ಹೋಗುವಾಗಲೂ ಅದು ಮೈಮೇಲೇ ಇರಬೇಕು.

"ಅದನ್ನ ಬಿಚ್ಚಿಟ್ಟ ಮ್ಯಾಲ ಆಪರೇಶನ್ನಿನಾಗ ಜೀವ ಹೋದ್ರ, ನಾ ಯಾರಾಗಿ ಹೋಗ್ಲೋ? ತಗೀತೇನಿ, ತಗೀತೇನಿ ಅನಕೋತ ಕುಂತಿದ್ನಿ. ಅಷ್ಟರಾಗ ಬೀಪಿ ಏರೇತಿ, ಮನಿಗೆ ಹೋಗ್ರಿ ಅಂದರು. ಖರೇ ಹೇಳ್ತೇನಿ, ನನಗ ಹಗುರ ಆತು."

"ನನಗ ಯಾಕ ಹೇಳಲಿಲ್ಲವಾ?"

"ನಿನಗ ಕಾಳಜಿ ಆಗತಿತ್ತು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಂದು ತಿಂಗಳು ನಾನು ಕುದುರೆ, ಗಸಗಸೆ, ನಾಚಣಿ ಎಂದು ತಿರುಗಿದ್ದೇನೆ. ಹುಲಿ ಇದ್ದದ್ದು ಆ ಒಂದು ವಾಕ್ಯದಲ್ಲಿ. ಇಷ್ಟು ವರ್ಷ ಆ ಕರಡಿಗೆಯನ್ನು ದಿನಾ ನೋಡುತ್ತಿದ್ದ ಮಗನಿಗೆ ಅದು ಹೊಳೆಯಲಿಲ್ಲ. ಎಳೆ ಎಣಿಸುವವನಂತೆ!

ನಾಲ್ಕನೆಯ ದಿನ ಕೊಲ್ಹಾಪುರಕ್ಕೆ ಹೋದ ಕೂಡಲೇ ಅದೇ ನರ್ಸನ್ನು ಹುಡುಕಿ ಹೇಳಿದೆ. ಆಕೆ ಹಣೆ ಬಡಿದುಕೊಂಡಳು. "ಆಧೀ ಸಾಂಗಾಯಚಂ ನಾ, ಆಜಿ!" ಮೊದಲೇ ಹೇಳಬಾರದಿತ್ತೇ ಎಂದು ಅವ್ವನನ್ನೇ ಪ್ರೀತಿಯಿಂದ ಬೈದಳು. ಡಾಕ್ಟರನ್ನು ಕೇಳಿ ಬಂದು, ಲಿಂಗವನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ ಅವ್ವನ ಎಡ ಅಂಗೈಯಲ್ಲಿ ಇಟ್ಟು, ಮೇಲೆ ಅಂಟುಪಟ್ಟಿ ಹಚ್ಚಿದಳು. ಪೂಜೆಗೆ ಹಿಡಿಯುವ ಅಂಗೈಯೇ ಅದು. ಅವ್ವ ಬೆರಳು ಮುಚ್ಚಿಕೊಂಡಳು.

ಆಮೇಲೆ ನರ್ಸು ತೋಳಿಗೆ ಪಟ್ಟಿ ಸುತ್ತಲು ಬಂದಾಗ ಅವ್ವ ಬಲಗೈ ಎತ್ತಿ ತಡೆದಳು. ಸೊಂಟದ ಸಂಚಿಯನ್ನು ತಡವಿ ಒಂದು ಚೂರು ಬೆಲ್ಲ ತೆಗೆದಳು. ನರ್ಸು ನನ್ನ ಮುಖ ನೋಡಿದಳು. ತಿನ್ನಬಹುದೇ ಎಂದು ಕೇಳಿದೆ, ತಿನ್ನಲಿ ಅಂದಳು. "ಹೆ ವಿರಘಳೇಪರ್ಯಂತ ಥಾಂಬ, ಬಾಳ," ಅಂದಳು ಅವ್ವ, ಇದು ಕರಗುವ ತನಕ ತಡಿ ಮಗಾ ಎಂದು. ಹತ್ತು ಜನ ಸಾಲಿನಲ್ಲಿ ಕೂತಿದ್ದಾರೆ, ನರ್ಸು ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದಾಳೆ. ಅವ್ವ ಕಣ್ಣು ಮುಚ್ಚಿ ಬೆಲ್ಲ ಕರಗಿಸುತ್ತಿದ್ದಾಳೆ. ನನ್ನ ಎದೆ ನನ್ನ ಕಿವಿಗೇ ಕೇಳುತ್ತಿತ್ತು.

ಅಂಕಿ ಮನೆಯಲ್ಲಿ ಬರುವಷ್ಟು ಕೆಳಗೆ ಬರಲಿಲ್ಲ. ಆದರೆ ಡಾಕ್ಟರು ತಲೆಯಾಡಿಸುವಷ್ಟು ಬಂತು. ಒಳಗೆ ಕರೆದುಕೊಂಡು ಹೋದರು. ಅರ್ಧ ತಾಸಿನಲ್ಲಿ ಹೊರಗೆ ಬಂದಳು, ಕಣ್ಣಿಗೆ ಪಟ್ಟಿ, ಮುಷ್ಟಿ ಇನ್ನೂ ಬಿಗಿ. ನಾನು ಗೋಡೆಗೆ ಒರಗಿ ಅತ್ತೆ, ನಾಚಿಕೆಯಾಗಲಿಲ್ಲ.

ಆ ದಿನದ ಸಾಲಿನಲ್ಲಿ ಏನು ಬರೆಯಬೇಕೆಂದು ವಹಿ ತೆರೆದು ಬಹಳ ಹೊತ್ತು ಕೂತಿದ್ದೆ. ಹೆಚ್ಚಿಸಿದ ಗುಳಿಗೆ ಒಂದು ತಿಂಗಳಿನಿಂದ ಇತ್ತು. ಬೆಳಿಗ್ಗೆ ಅಂಬಲಿ ಕುಡಿದಿದ್ದಳು. ಬಾಯಲ್ಲಿ ಬೆಲ್ಲ, ಅಂಗೈಯಲ್ಲಿ ಲಿಂಗ. ಡಾಕ್ಟರಂತೂ ಗುಳಿಗೆ ಅನ್ನುತ್ತಾರೆ, ಉತ್ತೂರಿನವರು ನಾಚಣಿ ಅನ್ನುತ್ತಾರೆ. ಎಲ್ಲವನ್ನೂ ಬರೆದು ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದೆ. ಬೆಲ್ಲ ಮಾಡಿದ್ದು ಇಷ್ಟಾದರೂ ಖರೆ, ಅದು ನನ್ನ ಬಾಯಿ ಮುಚ್ಚಿಸಿತು. ಮುಚ್ಚಿದ್ದಕ್ಕೆ ಅವ್ವ ತೆರೆದಳು. ಆಹಾರ ಮೈಗೆ ಏನು ಮಾಡುತ್ತದೆ ಎಂದು ಹುಡುಕುವವರಲ್ಲಿ ಯಾರಾದರೂ, ಅದನ್ನು ತಿನ್ನುವ ರೀತಿ ಏನು ಮಾಡುತ್ತದೆ ಎಂದು ಕೂಡ ಎಣಿಸಬೇಕು.

ಚಷ್ಮಾ ಬಂದ ಮೇಲೆ ಅವ್ವ ಮನೆಯನ್ನೆಲ್ಲ ಹೊಸದಾಗಿ ನೋಡಿದಳು. ಮೂಲೆಯ ಜೇಡರ ಬಲೆ ತೋರಿಸಿ ಸೊಸೆಗೆ, "ಎರಡ ವರ್ಷ ನನ್ನ ಕಣ್ಣಿಗೆ ಮಣ್ಣ ಹಾಕಿದಿ," ಎಂದು ನಕ್ಕಳು. "ಇನ್ನ ನಮ್ಮ ಕೆಲಸ ಹೆಚ್ಚಾತರಿ ಅತ್ತಿ," ಅಂದಳು ನನ್ನ ಹೆಂಡತಿ. ನನ್ನನ್ನು ಮಾತ್ರ ಹತ್ತಿರ ಕರೆದು, ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು. "ನೀ ಯಾವಾಗ ಇಷ್ಟ ಬೆಳ್ಳಗಾದ್ಯೋ ತಮ್ಮಾ?" ಅಂದಳು. ನಕ್ಕು ತಪ್ಪಿಸಿಕೊಂಡೆ.

ಮುಂದಿನ ವಾರ ಒಂದು ಸಂಜೆ ಕೆಲಸದಿಂದ ಬಂದೆ. ಅವ್ವ ಕಿಟಕಿಯ ಹತ್ತಿರ ಕೂತಿದ್ದಳು. ತೊಡೆಯ ಮೇಲೆ ನನ್ನ ವಹಿ, ಕೈಯಲ್ಲಿ ನನ್ನ ಹಳೆಯ ಭಿಂಗ. ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಕಲಿತವಳು, ಅಂಕಿ ಚೆನ್ನಾಗಿ ಬರುತ್ತದೆ. ಭಿಂಗವನ್ನು ಒಂದೊಂದು ಸಾಲಿನ ಮೇಲೆ ಇಟ್ಟು, ನಾನು ಬಟ್ಟೆಯ ಮೇಲೆ ಸರಿಸುವ ಹಾಗೆ, ಮೆಲ್ಲಗೆ ಕೆಳಗೆ ಸರಿಸುತ್ತಿದ್ದಳು. ಭಿಂಗ ಇದ್ದದ್ದು "ಅವ್ವ" ಎಂದು ಬರೆದ ಕಡೆ ಅಲ್ಲ, "ನಾನು" ಎಂದು ಬರೆದ ಕಡೆ.

ನಾನು ಬಾಗಿಲಲ್ಲೇ ನಿಂತೆ. "ಅದ ಪಟ್ಟಿ ಗಿಡ್ಡ ಐತಿ ಅವಾ, ಅದಕ್ಕ..." ಎಂದು ಶುರು ಮಾಡಿದೆ.

ಅವ್ವ ಕೈ ಎತ್ತಿದಳು. ವಹಿ ಮುಚ್ಚಿ ಬದಿಗಿಟ್ಟಳು. ಗೋಡೆ ಹಿಡಿಯದೆ ಎದ್ದು ಅಡುಗೆಮನೆಗೆ ಹೋದಳು. ಡಬ್ಬಿಯ ಮುಚ್ಚಳದ ಸದ್ದು ಕೇಳಿಸಿತು. ಒಂದು ತಟ್ಟೆ, ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಇಟ್ಟು, ಎದುರಿಗೆ ಕೂತು, ನನ್ನ ಕೈ ಹಿಡಿದುಕೊಂಡಳು.

ಬೆಲ್ಲ ಬಾಯಿಗೆ ಹಾಕಿಕೊಂಡೆ. ಕಡಿಯಲಿಲ್ಲ. ನಾಲಗೆಯಿಂದ ಅತ್ತ ಸರಿಸಿದೆ, ಇತ್ತ ಸರಿಸಿದೆ. ಅದು ಕರಗದಿದ್ದರೆ ಸಾಕು ಎನಿಸಿತು. ಅವ್ವ ಆ ಒಂದು ಕಣ್ಣಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು, ಅವಸರವಿಲ್ಲದೆ.

ಕರಗಿತು.

"ಹ್ಞೂಂ, ಈಗ ಹೇಳು," ಅಂದಳು.